ಹಿಂಡಮ್ಮನ ಒಂದೇ ಒಂದು ಕುರಿ

ಆ ಪ್ರಕಾಶನದಲ್ಲಿ ಮಕ್ಕಳ ಚಿತ್ರಪುಸ್ತಕವೊಂದಕ್ಕೆ ಇಬ್ಬರು ಕಲಾವಿದರು ಬೇಕಾಗುತ್ತಿದ್ದರು. ಕಥಾನಾಯಕನನ್ನು ಬಿಡಿಸಲು ಒಬ್ಬರು, ಅವನನ್ನು ನೋಡಿ ನಗುವವರನ್ನು ಬಿಡಿಸಲು ಇನ್ನೊಬ್ಬರು. ನಾಯಕನನ್ನು ಬಿಡಿಸುವಾತನಿಗೆ ಕಚೇರಿಯಲ್ಲಿ ಹೀರೋ ಎಂದೇ ಹೆಸರು ನಿಂತುಬಿಟ್ಟಿತ್ತು. ನಗುವವರನ್ನು ಬಿಡಿಸುವಾಕೆ ಹಿಂಡಮ್ಮ. ಇಪ್ಪತ್ತಾರು ವರ್ಷಗಳಿಂದ ಆಕೆ ಆನೆಯ ಹಿಂಡು, ಬಾತಿನ ಹಿಂಡು, ಮೀನಿನ ಹಿಂಡು, ಕೊನೆಗೆ ಒಮ್ಮೆ ಕುಂಬಳಕಾಯಿಗಳ ಹಿಂಡನ್ನೂ ಬಿಡಿಸಿ ಅವುಗಳಿಗೆಲ್ಲ ಹಲ್ಲು ಕಿರಿಸಿದ್ದಳು. ಬಾಗಿಲ ಪಕ್ಕದ ಮೇಜು ಆಕೆಯದು. ಬರುವವರು ಹೋಗುವವರು ಕೊಡೆ ನೇತುಹಾಕುವುದು ಅದೇ ಮೇಜಿನ ಅಂಚಿಗೆ.

ಪುಸ್ತಕಗಳೇನೋ ಹನ್ನೊಂದು ಬಂದಿದ್ದವು, ಕಥೆ ಮಾತ್ರ ಒಂದೇ. ಕಪ್ಪು ಕಾಗೆಗಳ ನಡುವೆ ಹಳದಿ ಕಾಗೆಯೊಂದು ಹುಟ್ಟುತ್ತದೆ. ಎಲ್ಲವೂ ನಗುತ್ತವೆ, ಅದು ಮೂಲೆಯಲ್ಲಿ ಕೂತು ಅಳುತ್ತದೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಆಪತ್ತು ಬಂದು ವಕ್ಕರಿಸುತ್ತದೆ, ಅದೇ ಹಳದಿ ಬಣ್ಣದ ದೆಸೆಯಿಂದ ಎಲ್ಲವೂ ಬದುಕಿಕೊಳ್ಳುತ್ತವೆ, ಚಪ್ಪಾಳೆ ಬೀಳುತ್ತದೆ. ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ‘ನೀನು ನೀನಾಗಿರು’. ಮುಂದಿನ ಪುಸ್ತಕದಲ್ಲಿ ಕಾಗೆಯ ಜಾಗಕ್ಕೆ ನೀರಿಗೆ ಹೆದರುವ ಮೀನು ಬರುತ್ತದೆ, ಅದರ ಮುಂದಿನದರಲ್ಲಿ ಕುಂಟುವ ಮೊಲ. ಬೇರೆ ಪ್ರಕಾಶನದವರೂ ಇದನ್ನೇ ಮಾಡುತ್ತಿದ್ದರು, ಆದ್ದರಿಂದ ಇವರೂ ಮಾಡುತ್ತಿದ್ದರು. ಎಲ್ಲರಿಗಿಂತ ಬೇರೆಯಾಗಿ ಬದುಕು ಎಂದು ಹೇಳುವ ಪುಸ್ತಕ ಎಲ್ಲರ ಪುಸ್ತಕದ ಹಾಗೇ ಇರದಿದ್ದರೆ ಅಂಗಡಿಯವರು ಯಾವ ಕಪಾಟಿನಲ್ಲಿಡಬೇಕು ಎಂಬುದು ಮಾರಾಟದವರ ಪ್ರಶ್ನೆ.

ಹಿಂಡಿನ ಮುಖಗಳಿಗೆ ಹಿಂಡಮ್ಮ ಊಹೆಯನ್ನು ನೆಚ್ಚಿಕೊಂಡಿರಲಿಲ್ಲ. ಮುದಿ ಆನೆಗೆ ಯಜಮಾನರ ಗದ್ದ, ಹೆಣ್ಣು ಬಾತಿಗೆ ಸಂಪಾದಕಿಯ ಕತ್ತು, ದಪ್ಪ ಮೀನಿಗೆ ಮಾರಾಟದವರ ತುಟಿ. ಇಪ್ಪತ್ತಾರು ವರ್ಷದಲ್ಲಿ ಒಬ್ಬರಾದರೂ ತಮ್ಮನ್ನು ಗುರುತಿಸಿಕೊಂಡಿದ್ದರೆ ಕೇಳಿ. ಆ ಪುಸ್ತಕಗಳನ್ನು ಓದುವಾಗ ಪ್ರತಿಯೊಬ್ಬರೂ ತಾವೇ ಹಳದಿ ಕಾಗೆ ಎಂದುಕೊಳ್ಳುತ್ತಾರೆ, ಕಣ್ಣಂಚು ಒರೆಸಿಕೊಳ್ಳುತ್ತಾರೆ. ಕಪ್ಪು ಕಾಗೆಗಳ ಸಾಲಿನಲ್ಲಿ ತನ್ನ ಮೂತಿ ಹುಡುಕುವಷ್ಟು ಪುರುಸೊತ್ತು ಯಾರಿಗಿದೆ?

ಹಾಗೆಂದು ಹಿಂಡಮ್ಮನೇನೂ ಹಳದಿ ಕಾಗೆಯಲ್ಲ, ಅದನ್ನೂ ಹೇಳಿಬಿಡಬೇಕು. ಐದು ಜನ ಅಕ್ಕತಂಗಿಯರಲ್ಲಿ ಮೂರನೆಯವಳಾಗಿ ಹುಟ್ಟಿ, ಅಕ್ಕಂದಿರ ಬಟ್ಟೆ ತೊಟ್ಟು ತಂಗಿಯರಿಗೆ ದಾಟಿಸಿ ಬೆಳೆದವಳು. ಚಿತ್ರಕಲಾ ಶಾಲೆಗೆ ಸೇರಿದ್ದು ಗೆಳತಿಯರಿಬ್ಬರು ಸೇರಿದರೆಂದು. ಅವರು ಮೂರು ತಿಂಗಳಿಗೆ ಬಿಟ್ಟರು. ಇವಳಿಗೆ ಬಿಡು ಎಂದು ಯಾರೂ ಹೇಳದ ಕಾರಣ ಉಳಿದುಕೊಂಡು ಒಳ್ಳೆಯ ಕೈ ಸಂಪಾದಿಸಿದಳು. ಮದುವೆಯಾದ ಮೇಲೆ ವಾರಗಿತ್ತಿಯರು ಮೂವರು. ದೊಡ್ಡವಳ ಮನೆಯ ಕಿಟಕಿಗೆ ನೀಲಿ ಪರದೆ ಬಂದ ವರ್ಷ ನಾಲ್ಕೂ ಮನೆಗಳಿಗೆ ನೀಲಿ ಪರದೆ ಬಂತು. ಹಿಂಡಮ್ಮನಿಗೆ ನೀಲಿ ಕಂಡರೆ ಆಗದು. ಆ ಪರದೆಯನ್ನು ಹತ್ತೊಂಬತ್ತು ವರ್ಷ ಒಗೆದು ಹಾಕಿದಳು.

ಗಂಡ ದರ್ಜಿ, ಶಾಲೆಯ ಸಮವಸ್ತ್ರ ಹೊಲಿಯುವುದರಲ್ಲಿ ಪಳಗಿದ ಕೈ. ಒಳ್ಳೆಯ ಮನುಷ್ಯ. ಅಳತೆ ಯಾವುದಾದರೂ ಇರಲಿ, ಬಟ್ಟೆ ಒಂದೇ ಆಗಿದ್ದರೆ ಲೋಕದಲ್ಲಿ ಜಗಳವೇ ಇರುವುದಿಲ್ಲ ಎಂಬುದು ಅವನ ಸಿದ್ಧಾಂತ. ಯಾರಾದರೂ ಜೇಬು ಸ್ವಲ್ಪ ಕೆಳಗಿರಲಿ ಎಂದು ಕೇಳಿದರೆ ಸಾಕು, ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಗೊಣಗುತ್ತ ಜೇಬನ್ನು ಇದ್ದಲ್ಲೇ ಹೊಲಿದು ಕೊಡುತ್ತಿದ್ದ.

ಇನ್ನು ಆ ಪ್ರಕಾಶನದ ಚುಕ್ಕಿ ಸಭೆಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೊಸ ಪುಸ್ತಕದ ಚಿತ್ರಗಳನ್ನೆಲ್ಲ ಗೋಡೆಯುದ್ದಕ್ಕೆ ದಾರ ಕಟ್ಟಿ ಕ್ಲಿಪ್ಪು ಹಾಕಿ ನೇತುಬಿಡುತ್ತಿದ್ದರು. ಏಳು ಜನಕ್ಕೂ ಒಂದೊಂದು ಹಾಳೆ ಅಂಟುಚುಕ್ಕಿ. ಹಸಿರು ಅಂಟಿಸಿದರೆ ಇರಲಿ ಎಂದು, ಕೆಂಪು ಅಂಟಿಸಿದರೆ ಬದಲಾಯಿಸಿ ಎಂದು. ಅಂಟಿಸುವಾಗ ಯಾರೂ ಮಾತಾಡಬಾರದು, ಯಾರೂ ಇನ್ನೊಬ್ಬರನ್ನು ನೋಡಬಾರದು. ಸ್ವಂತ ಬುದ್ಧಿಯಿಂದ ಅಂಟಿಸಬೇಕು ಎಂದು ಯಜಮಾನರು ಪ್ರತಿ ಸಭೆಯ ಮೊದಲು ಕಟ್ಟಪ್ಪಣೆ ಮಾಡುತ್ತಿದ್ದರು, ಎಲ್ಲರೂ ಒಟ್ಟಿಗೆ ಕೋಲೆಬಸವನ ಹಾಗೆ ತಲೆಯಾಡಿಸುತ್ತಿದ್ದರು. ಆಮೇಲೆ ಆರು ಜೋಡಿ ಕಣ್ಣು ಯಜಮಾನರ ಕನ್ನಡಕದ ಮೇಲೆ. ಕನ್ನಡಕ ಹಣೆಗೇರಿದರೆ ಕೆಂಪು, ಮೂಗಿನ ಮೇಲೇ ಇದ್ದರೆ ಹಸಿರು.

ಒಮ್ಮೆ ಏನಾಯಿತೆಂದರೆ, ಯಜಮಾನರ ತೋಳಿಗೆ ಹೇಗೋ ಅಂಟಿಕೊಂಡಿದ್ದ ಕೆಂಪು ಚುಕ್ಕಿಯೊಂದು ಅವರು ಹಾದುಹೋಗುವಾಗ ಒಂದು ಪುಟಕ್ಕೆ ಹತ್ತಿಕೊಂಡಿತು. ಅವರಿಗದು ಗೊತ್ತೇ ಆಗಲಿಲ್ಲ. ಅದು ಚಂದ್ರನಿದ್ದ ಒಂದೇ ಪುಟ. ಸಂಪಾದಕಿ ಬಂದಳು, ಆ ಚುಕ್ಕಿ ನೋಡಿದಳು, ತುಸು ಯೋಚಿಸಿದವಳಂತೆ ಮುಖ ಮಾಡಿ ಪಕ್ಕದಲ್ಲೇ ತನ್ನದೊಂದು ಕೆಂಪು ಇಟ್ಟಳು. ಅವಳ ಹಿಂದೆ ಹೀರೋ, ಹೀರೋ ಹಿಂದೆ ಮಾರಾಟದವರು. ಕೊನೆಗೆ ಯಜಮಾನರೇ ಬಂದು ನೋಡಿ, ಇಷ್ಟು ಜನಕ್ಕೆ ಬೇಡವಾದದ್ದು ತಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ನಾಚಿಕೊಂಡು ತಾವೂ ಒಂದು ಕೆಂಪು ಅಂಟಿಸಿದರು. ಪುಸ್ತಕ ಚಂದ್ರನಿಲ್ಲದೆ ಅಚ್ಚಾಯಿತು. ಅದು ಚಂದ್ರನ ಮೇಲೆ ಮನಸ್ಸಾದ ಗೂಬೆಯ ಕಥೆ. ಗೂಬೆ ಹದಿನಾರು ಪುಟ ಬರೀ ಆಕಾಶ ನೋಡುತ್ತದೆ. ಅದಕ್ಕೊಂದು ಬಹುಮಾನವೂ ಬಂತು, ಶೂನ್ಯವನ್ನು ಧೈರ್ಯವಾಗಿ ಚಿತ್ರಿಸಿದ್ದಕ್ಕೆ. ಹಿಂಡಮ್ಮ ಚುಕ್ಕಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಳು. ಆದರೂ ತನ್ನ ಕೆಂಪು ಚುಕ್ಕಿಯನ್ನು ಅಲ್ಲೇ ಅಂಟಿಸಿದ್ದಳು.

ನಿವೃತ್ತಿಗೆ ಎರಡು ವರ್ಷವಿದ್ದಾಗ ನಡೆದದ್ದು ಇದು. ಹನ್ನೊಂದನೆಯ ಪುಸ್ತಕಕ್ಕೆ ನಲವತ್ತು ಕುರಿ ಬಿಡಿಸಬೇಕಿತ್ತು. ಮೂವತ್ತೊಂಬತ್ತು ಕುರಿ ಎಡಕ್ಕೆ ಮುಖ ಮಾಡಿ ನಕ್ಕವು. ನಲವತ್ತನೆಯದನ್ನು ಆಕೆಯ ಕೈ ತನ್ನಷ್ಟಕ್ಕೆ ಬಲಕ್ಕೆ ಮುಖ ಮಾಡಿ ಕೂರಿಸಿತು. ಅದು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ, ಸುಮ್ಮನೆ ಆ ಕಡೆ ನೋಡುತ್ತ ಕೂತಿತ್ತು. ಸಂಪಾದಕಿ ಬೆರಳಿಟ್ಟು, ಹಿಂಡು ಅಂದರೆ ಹಿಂಡಿನ ಹಾಗಿರಬೇಕು, ಎಲ್ಲರೂ ಹೀಗೆ ಕೂತರೆ ನಾಯಕನನ್ನು ಗುರುತಿಸುವುದು ಹೇಗೆ ಎಂದಳು. ಹಿಂಡಮ್ಮ ಕುರಿಯನ್ನು ಅಳಿಸಿದಳು. ಆದರೆ ಅದು ತಲೆಯಿಂದ ಅಳಿಯಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ನಿಂತಾಗ, ವಾರಗಿತ್ತಿಯರ ನಡುವೆ ಕೂತು ಹೂಂಗುಟ್ಟುವಾಗ ಆ ಕುರಿ ಆ ಕಡೆಗೇ ನೋಡುತ್ತಿತ್ತು. ಆಕೆಗೆ ಅದರ ಮೇಲೆ ಪ್ರೀತಿ ಹುಟ್ಟಿತು, ಸ್ವಲ್ಪ ಹೊಟ್ಟೆಕಿಚ್ಚೂ ಹುಟ್ಟಿತು.

ಅಡುಗೆಮನೆಯ ಮೇಜಿನ ಮುಂದೆ ಕೂತು ಎಂಟು ತಿಂಗಳಲ್ಲಿ ಆಕೆ ಅದರದೊಂದು ಪುಸ್ತಕ ಮಾಡಿದಳು. ಹದಿನಾರು ಪುಟ, ಮಾತು, ಚಿತ್ರ ಎರಡೂ ಆಕೆಯವೇ. ಎಲ್ಲ ಕುರಿಗಳೂ ಒಂದು ಕಡೆ ಮುಖ ಮಾಡಿ ಕೂರುತ್ತವೆ, ಇದೊಂದು ಇನ್ನೊಂದು ಕಡೆ. ಯಾಕೆ ಎಂದು ಕೇಳುತ್ತವೆ. ‘ಹೀಗೇ’ ಅನ್ನುತ್ತದೆ. ಬೈಯುತ್ತವೆ, ನಗುತ್ತವೆ, ಅಮ್ಮನ ಹತ್ತಿರ ದೂರು ಹೇಳುತ್ತವೆ. ಕುರಿ ಹಾಗೇ ಕೂರುತ್ತದೆ. ದಿನ ಕಳೆದಂತೆ ಅವಕ್ಕೆ ಅಭ್ಯಾಸವಾಗಿಬಿಡುತ್ತದೆ. ಅಲ್ಲಿಗೆ ಮುಗಿಯಿತು. ಆಪತ್ತಿಲ್ಲ, ಚಪ್ಪಾಳೆಯಿಲ್ಲ, ದಪ್ಪಕ್ಷರವಿಲ್ಲ. ಬೇರೆಯಾಗಿರುವವರು ಊರಿಗೆ ಉಪಕಾರ ಮಾಡಿ ತಮ್ಮ ತಪ್ಪನ್ನು ತೀರಿಸಬೇಕು ಎಂಬ ಹನ್ನೊಂದು ಪುಸ್ತಕಗಳ ಪಾಠ ಹಿಂಡಮ್ಮನಿಗೆ ಸಾಕುಸಾಕಾಗಿತ್ತು. ಕೆಲಸ ಬಿಡುವ ಮೊದಲು ಇದೊಂದು ಪುಸ್ತಕ ಇದ್ದದ್ದು ಇದ್ದ ಹಾಗೇ, ಮೇಲೆ ತನ್ನ ಹೆಸರಿನೊಂದಿಗೆ, ಬಂದರೆ ಸಾಕು. ಅದಕ್ಕಿಂತ ಹೆಚ್ಚಿನದನ್ನು ಆಕೆ ಬಾಳಿನಲ್ಲಿ ಬಯಸಿರಲಿಲ್ಲ. ಅಷ್ಟನ್ನು ಬಯಸುವುದಕ್ಕೂ ಐವತ್ತೇಳು ವರ್ಷ ಹಿಡಿದಿತ್ತು.

ಚುಕ್ಕಿ ಸಭೆಯಲ್ಲಿ ಎಲ್ಲರೂ ಮೆಚ್ಚಿದರು. ಹಿಂಡಮ್ಮನ ಕೈಯಲ್ಲಿ ಇಂಥದ್ದಿತ್ತೇ ಎಂದು ಹೀರೋ ಬಾಯಿಬಿಟ್ಟು ಹೇಳಿದ, ಹೇಳಿದ ಮೇಲೆ ಯಜಮಾನರತ್ತ ನೋಡಿದ. ಕನ್ನಡಕ ಹಣೆಗೇರಿರಲಿಲ್ಲ, ಮೂಗಿನ ಮೇಲೂ ಇರಲಿಲ್ಲ, ಕೈಯಲ್ಲಿತ್ತು. ಇಂಥ ಸ್ಥಿತಿ ಹಿಂದೆಂದೂ ಬಂದಿರಲಿಲ್ಲ. ಕೊಠಡಿಯಲ್ಲಿ ಗೊಂದಲವಾಯಿತು. ಸಂಪಾದಕಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ, ಇದು ಹೀಗೂ ಸರಿ, ಹಾಗೂ ಸರಿ ಎಂದಳು. ಕೊನೆಗೆ ಯಜಮಾನರು ಬಹಳ ಮೆತ್ತಗೆ ಕೇಳಿದರು: “ಎಲ್ಲಾ ಚೆನ್ನಾಗಿದೆ. ಆದ್ರೆ ಆ ಕಡೆ ತಿರುಗಿ ಕೂತು ಅದು ಮಾಡೋದಾದ್ರೂ ಏನು?”

ಹಿಂಡಮ್ಮ ಏನೂ ಮಾಡುವುದಿಲ್ಲ ಎಂದಳು.

ಅಷ್ಟು ಸಾಕಾಯಿತು. ಮಾರಾಟದವರು ಕುರ್ಚಿಯಿಂದ ಅರ್ಧ ಎದ್ದು, ಆ ಕಡೆಯಿಂದ ತೋಳ ಬರಲಿ, ಇದು ಮೊದಲು ನೋಡಲಿ, ಎಲ್ಲರನ್ನೂ ಉಳಿಸಲಿ ಎಂದರು. ಕನ್ನಡಕ ಮೂಗಿಗೇರಿತು. ತೋಳ, ತೋಳ ಎಂದು ಎಲ್ಲರ ಮುಖವೂ ಅರಳಿತು. ಇದಕ್ಕಾಗಿಯೇ ಅದು ಅಷ್ಟು ದಿನ ಆ ಕಡೆ ಕೂತಿತ್ತೆಂದು ತನಗೆ ಮೊದಲೇ ಅನ್ನಿಸಿತ್ತು ಎಂದು ಹೀರೋ ಹೇಳಿದ. ತೋಳ ಬರಬೇಕಾದ ಹದಿಮೂರನೆಯ ಪುಟಕ್ಕೆ ಆರು ಕೆಂಪು ಚುಕ್ಕಿ ಬಿದ್ದವು. ಏಳನೆಯ ಚುಕ್ಕಿ ಹಾಳೆ ಹಿಂಡಮ್ಮನ ಕೈಯಲ್ಲಿತ್ತು. ಎಲ್ಲರೂ ಕಾಯುತ್ತಿದ್ದರು, ಚಹಾ ಬೇರೆ ಆರುತ್ತಿತ್ತು. ಆಕೆ ಎದ್ದುಹೋಗಿ ತನ್ನ ಕುರಿಯ ಪಕ್ಕದಲ್ಲಿ ತಾನೇ ಕೆಂಪು ಚುಕ್ಕಿ ಇಟ್ಟು ಬಂದಳು.

ತೋಳವನ್ನೂ ಆಕೆಯೇ ಬಿಡಿಸಿದಳು. ಚೆನ್ನಾಗಿಯೇ ಬಂತು, ಹಾಳಾದ ಕೈ ಕೆಟ್ಟದಾಗಿ ಬಿಡಿಸಲು ಒಪ್ಪಲಿಲ್ಲ. ಆ ವಾರವೆಲ್ಲ ಆಕೆಗೆ ಸ್ವಂತ ಮಗುವನ್ನು ಕೆಲಸಕ್ಕೆ ಹಚ್ಚಿ ಬಂದ ಹಾಗಾಗಿತ್ತು. ಗಂಡ ಅಳತೆಪಟ್ಟಿ ಕತ್ತಿಗೆ ಹಾಕಿಕೊಂಡೇ ಪುಸ್ತಕ ತಿರುವಿ ನೋಡಿ, ಈಗ ಸರಿಯಾಯಿತು, ಸುಮ್ಮನೆ ಆ ಕಡೆ ನೋಡುತ್ತ ಕೂತರೆ ಯಾರಾದರೂ ಏನಂದುಕೊಳ್ಳಬೇಕು ಎಂದ.

ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಶಾಲೆಗಳು ಕಟ್ಟುಗಟ್ಟಲೆ ಕೊಂಡವು. ಹಿಂಡಮ್ಮನ ಹೆಸರು ಮುಖಪುಟದ ಮೇಲೆ ಬಂತು, ಬಂದಾಗ ಆಕೆಗೆ ಅದರತ್ತ ನೋಡಲು ಆಗಲಿಲ್ಲ. ಒಂದು ದೊಡ್ಡ ಶಾಲೆಯವರು ‘ನಾನು ನಾನೇ’ ಎಂಬ ದಿನಾಚರಣೆ ಇಟ್ಟುಕೊಂಡು ಆಕೆಯನ್ನು ಅತಿಥಿಯಾಗಿ ಕರೆದರು. ಯಜಮಾನರೂ ಜೊತೆಗೆ ಹೊರಟರು.

ಸಭಾಂಗಣದ ವೇದಿಕೆ ಹತ್ತಿದ ಹಿಂಡಮ್ಮನಿಗೆ ಎದುರಿಗೆ ಕಂಡದ್ದು ಮುನ್ನೂರು ಬೆನ್ನು. ಒಂದೇ ಸಮವಸ್ತ್ರದ ಮುನ್ನೂರು ಮಕ್ಕಳು ವೇದಿಕೆಗೆ ಬೆನ್ನು ತಿರುಗಿಸಿ, ಗೆರೆ ಹಾಕಿದಂತೆ ಸಾಲಾಗಿ, ಹಿಂದಿನ ಗೋಡೆ ನೋಡುತ್ತ ಕೂತಿದ್ದರು. ಕುರಿಯ ಗೌರವಾರ್ಥ ಈ ಏರ್ಪಾಡು ಎಂದು ಮುಖ್ಯೋಪಾಧ್ಯಾಯಿನಿ ಹೆಮ್ಮೆಯಿಂದ ಹೇಳಿದರು. ಮೂರು ದಿನ ತಾಲೀಮು ಮಾಡಿಸಿದ್ದರಂತೆ. ಮೊದಲ ಸೀಟಿಗೆ ತಿರುಗಬೇಕು, ಎರಡನೆಯದಕ್ಕೆ ಕೂರಬೇಕು, ಮೂರನೆಯದಕ್ಕೆ ಒಕ್ಕೊರಲಿನಿಂದ ‘ನಾನು ನಾನೇ’ ಅನ್ನಬೇಕು. ಮೂರನೆಯ ಸೀಟಿ ಊದಿದರು. ಮುನ್ನೂರು ಮಕ್ಕಳು ಗೋಡೆಗೆ ‘ನಾನು ನಾನೇ’ ಎಂದು ಕೂಗಿ ಹೇಳಿದರು. ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸರಿಯಾಗಿ ನೋಡಿದರೆ ಬೆನ್ನು ಇನ್ನೂರ ತೊಂಬತ್ತೊಂಬತ್ತೇ. ನಾಲ್ಕನೆಯ ಸಾಲಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ವೇದಿಕೆಯತ್ತ ಮುಖ ಮಾಡಿ ಕೂತಿದ್ದಳು. ಅವಳಲ್ಲಿ ಹಟವೇನೂ ಕಾಣಲಿಲ್ಲ. ಚಿತ್ರ ಬರೆದವರು ಹೇಗಿರುತ್ತಾರೆಂದು ನೋಡುವ ಆಸೆ, ಅಷ್ಟೇ. ತರಗತಿಯ ಟೀಚರು ಬಗ್ಗಿ ಬಗ್ಗಿ ಸಾಲಿನ ನಡುವೆ ನುಗ್ಗಿ ಅವಳ ಭುಜ ಹಿಡಿದು, ಪಿಸುದನಿಯಲ್ಲಿ ಗದರಿಸಿದ್ದು ವೇದಿಕೆಯವರೆಗೂ ಕೇಳಿಸಿತು: “ಎಲ್ರೂ ಅವರವರ ಥರಾನೇ ಕೂತಿದಾರೆ. ನಿಂಗೊಬ್ಳಿಗೆ ಏನು ಬಂದಿರೋದು?”

ಹುಡುಗಿ ಕದಲಲಿಲ್ಲ. ಮುಖ್ಯೋಪಾಧ್ಯಾಯಿನಿ ಪೆಚ್ಚುನಗೆ ನಕ್ಕು, ತಾವೇ ಒಂದು ಮಾತು ಹೇಳಿದರೆ ಕೇಳುತ್ತಾಳೆ, ಫೋಟೋ ತೆಗೆಯಬೇಕು ಎಂದು ಹಿಂಡಮ್ಮನ ಮುಂದೆ ಮೈಕು ಸರಿಸಿದರು. ಯಜಮಾನರು ತಲೆಯಾಡಿಸಿದರು. ಹಿಂಡಮ್ಮನ ಬಾಯಿಗೆ ಮಾತು ಬಂದುಬಿಟ್ಟಿತು, ತಡೆಯುವಷ್ಟರಲ್ಲಿ ಹೊರಬಿದ್ದೇಬಿಟ್ಟಿತು. ಆ ಕಡೆ ತಿರುಗಿ ಕೂತ್ಕೋ ಮಗು ಎಂದಳು.

ಹುಡುಗಿ ಎದ್ದು ನಿಂತು ಕೇಳಿದಳು: “ತೋಳ ಬರ್ದೇ ಇದ್ದಿದ್ರೆ ಆ ಕುರಿನ ಯಾವಾಗ್ಲೂ ಬೈತಾನೇ ಇರ್ತಿದ್ರಾ?”

ಮುಖ್ಯೋಪಾಧ್ಯಾಯಿನಿ ಮೈಕನ್ನು ತಮ್ಮತ್ತ ಎಳೆದುಕೊಂಡು, ಅದಕ್ಕೇ ಅಲ್ಲವೇ ತೋಳ ಬಂದದ್ದು ಎಂದು ಉತ್ತರ ಕೊಟ್ಟರು. ಹುಡುಗಿ ಆ ಕಡೆ ತಿರುಗಿ ಕೂತಳು. ಬೆನ್ನು ಮುನ್ನೂರಾಯಿತು, ಫೋಟೋ ಚೆನ್ನಾಗಿ ಬಂತು. ವಾಪಸು ಬರುವಾಗ ದಾರಿಯುದ್ದಕ್ಕೂ ಯಜಮಾನರು ಎರಡನೆಯ ಮುದ್ರಣದ ಮಾತಾಡುತ್ತಿದ್ದರು, ಹಿಂಡಮ್ಮನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ನಲವತ್ತು ಕುರಿಗಳ ಮುಖ ಬರೆದವಳಿಗೆ ತನ್ನ ಮುಖ ಅವುಗಳಲ್ಲಿ ಯಾವುದೆಂದು ಅಂದು ಗೊತ್ತಾಯಿತು.

ಎರಡನೆಯ ಮುದ್ರಣದ ಚುಕ್ಕಿ ಸಭೆ ಆಕೆಯ ಕೆಲಸದ ಕೊನೆಯ ವಾರದಲ್ಲಿ ಬಂತು. ಬದಲಾವಣೆ ಏನೂ ಇಲ್ಲ, ತೋಳ ಇನ್ನೂ ಸ್ವಲ್ಪ ದೊಡ್ಡದಿರಲಿ ಎಂದು ಮಾರಾಟದವರ ಸಲಹೆ ಅಷ್ಟೇ. ಹಿಂಡಮ್ಮ ಎದ್ದು ನಿಂತಳು.

“ತೋಳ ತೆಗೀರಿ. ಇಲ್ಲಾಂದ್ರೆ ನನ್ನ ಹೆಸರು ತೆಗೀರಿ.”

ಹಿಂಡಮ್ಮ ವಾಕ್ಯವೊಂದನ್ನು ಪೂರ್ತಿ ಆಡಿದ್ದನ್ನೇ ಅವರಲ್ಲಿ ಕೆಲವರು ಕೇಳಿರಲಿಲ್ಲ. ಯಜಮಾನರು ಮರುಕದಿಂದ, ಇದು ಆಕೆಯ ಸ್ವಂತ ಅಭಿಪ್ರಾಯ, ಅದನ್ನು ಗೌರವಿಸೋಣ, ಎಲ್ಲರೂ ಸ್ವಂತ ಬುದ್ಧಿಯಿಂದ ಚುಕ್ಕಿ ಇಡಿ ಎಂದರು. ಇಟ್ಟರು. ಮುಖಪುಟದಲ್ಲಿದ್ದ ಆಕೆಯ ಹೆಸರಿನ ಮೇಲೆ ಆರು ಕೆಂಪು ಚುಕ್ಕಿ. ಆ ಪ್ರಕಾಶನದ ಇತಿಹಾಸದಲ್ಲಿ ಅಷ್ಟು ಬೇಗ ಮುಗಿದ ಸಭೆ ಇನ್ನೊಂದಿಲ್ಲ. ಇದಾದ ನಾಲ್ಕು ದಿನಕ್ಕೆ ಅದೇ ಕೊಠಡಿಯಲ್ಲಿ ಆಕೆಗೊಂದು ಗಡಿಯಾರ ಕೊಟ್ಟು, ಸದಾ ನಮ್ಮೊಳಗೊಬ್ಬರಾಗಿದ್ದವರು ಎಂದು ಹೊಗಳಿ, ಬೀಳ್ಕೊಟ್ಟರು.

ಮನೆಯಲ್ಲಿ ಕೂತ ಹಿಂಡಮ್ಮ ಆ ಹದಿನಾರು ಪುಟಗಳನ್ನು ಮತ್ತೆ ಬಿಡಿಸಿದಳು, ಮೊದಲಿದ್ದ ಹಾಗೇ, ತೋಳವಿಲ್ಲದೆ. ಗಂಡನ ದಪ್ಪ ದಾರದಿಂದ ಪುಸ್ತಕದ ಬೆನ್ನು ಹೊಲಿದಳು. ಒಂದೇ ಪ್ರತಿ. ಹುಡುಗಿಯ ಪ್ರಶ್ನೆಗೆ ಆಕೆಯ ಹತ್ತಿರ ಇದ್ದ ಉತ್ತರ ಅದೊಂದೇ. ತಾನು ತಿರುಗಿ ಕೂರಿಸಿದ ಆ ಮಗುವಿಗೆ ಇದನ್ನು ಕೊಡದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಒಂದು ದಿನ ಬೆಳಗ್ಗೆ ಶಾಲೆಯ ಗೇಟಿನ ಬಳಿ ಹೋಗಿ ನಿಂತಳು. ಸಮವಸ್ತ್ರದ ಆ ಪ್ರವಾಹದಲ್ಲಿ ಹುಡುಗಿಯನ್ನು ಹುಡುಕುವುದು ಕಷ್ಟವೇನೂ ಆಗಲಿಲ್ಲ. ಯಾರನ್ನೋ ನೋಡುತ್ತ ನಿಂತು, ಹಿಂದಿನವರಿಂದ ಬೈಸಿಕೊಳ್ಳುತ್ತಿದ್ದಳು.

ಹುಡುಗಿ ಗೋಡೆಗೊರಗಿ, ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು. ಹಿಂಡಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕೊನೆಯ ಪುಟ ಮಗುಚಿ, ಹಿಂದೆ ಇನ್ನೇನಾದರೂ ಇದೆಯೇ ಎಂದು ನೋಡಿ, ಹುಡುಗಿ ತೋಳ ಬರಲೇ ಇಲ್ಲವಲ್ಲ ಎಂದಳು. ಬರಲಿಲ್ಲ ಎಂದಳು ಹಿಂಡಮ್ಮ. ಬೈದವು, ಆಮೇಲೆ ಅವಕ್ಕೆ ಅಭ್ಯಾಸವಾಯಿತು, ಅಷ್ಟೇ.

“ನಂಗಿಷ್ಟ ಆಗ್ಲಿಲ್ಲ,” ಎಂದಳು ಹುಡುಗಿ. “ತೋಳ ಇದ್ದಿದ್ದೇ ಚೆನ್ನಾಗಿತ್ತು.”

ಅವಳು ಇದನ್ನು ಹೇಳುವ ಮೊದಲು ಯಾರ ಮುಖವನ್ನೂ ನೋಡಲಿಲ್ಲ, ಹೇಳಿದ ಮೇಲೂ ನೋಡಲಿಲ್ಲ. ಹಿಂಡಮ್ಮನ ಎಂಟು ತಿಂಗಳ ಕನಸು, ಹೋದ ಹೆಸರು, ಎಲ್ಲವೂ ಒಂದು ಕ್ಷಣ ನೀರಿನಲ್ಲಿ ಹೋಮ ಮಾಡಿದಂತಾಯಿತು. ಮತ್ತೆ ನೋಡಿದರೆ ಆಕೆಯ ಕೈ ಆಗಲೇ ಚೀಲದೊಳಗೆ ಹೋಗಿ ಪೆನ್ಸಿಲು ಹುಡುಕುತ್ತಿತ್ತು. ಹದಿಮೂರನೆಯ ಪುಟದಲ್ಲಿ ಬಲಗಡೆ ಜಾಗವಿದೆ, ಎರಡು ನಿಮಿಷದ ಕೆಲಸ.

“ಹಾಗಾದ್ರೆ ಒಂದು ತೋಳ ಹಾಕ್ಕೊಡ್ಲಾ?”

“ನಿಮ್ಗಿಷ್ಟನಾ?”

“ಇಲ್ಲ.”

“ಮತ್ತೆ ನನ್ನ ಯಾಕೆ ಕೇಳ್ತೀರಿ?”

ಗಂಟೆ ಹೊಡೆಯಿತು. ಇಷ್ಟವಾಗದ ಪುಸ್ತಕವನ್ನು ಹುಡುಗಿ ಕಂಕುಳಲ್ಲಿ ಅವುಚಿಕೊಂಡು ಓಡಿಹೋದಳು. ಗೇಟು ಮುಚ್ಚಿದ ಮೇಲೂ ಹಿಂಡಮ್ಮ ಪೆನ್ಸಿಲು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.